ಇನಾಗಾಕಿ ಕೊಟ್ಟ ಕಾರ್ಡು

ಕ್ಯಾಲ್ಕುಲೇಟರು ತೆಳ್ಳಗಾದಷ್ಟೂ ಮನುಷ್ಯಕುಲ ಮುಂದುವರಿಯುತ್ತದೆ ಎಂದು ಒಸಾಕಾದ ಕಿಶಿನಾಮಿ ಕಂಪನಿಯವರು ನಂಬಿದ್ದ ಕಾಲ ಅದು. ನಂಬದೆ ವಿಧಿಯೂ ಇರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆ ಯಜಮಾನರಾದ ಕಿಶಿನಾಮಿ ಗೆನ್‌ಜಿರೊ ಮೊಟ್ಟಮೊದಲ ಯಂತ್ರ ಮಾಡಿದಾಗ ಅದು ಒಂದು ಮೇಜಿನಷ್ಟಿತ್ತು. ಎತ್ತಲು ನಾಲ್ಕು ಜನ ಬೇಕಿತ್ತು. ಒಂದು ಗುಣಾಕಾರ ಕೊಟ್ಟರೆ ಒಳಗಿದ್ದ ನೂರಾರು ರಿಲೇ ಸ್ವಿಚ್ಚುಗಳು ಕಟಕಟ ಹಲ್ಲು ಕಡಿದು ಉತ್ತರ ಹೇಳುತ್ತಿದ್ದವು. ಆಮೇಲೆ ಅದು ಮೇಜಿನ ಮೇಲೆ ಕೂರುವಷ್ಟಾಯಿತು, ಆಮೇಲೆ ಅಂಗೈಗೆ ಬಂತು, ಆಮೇಲೆ ಜೇಬಿಗಿಳಿಯಿತು. ಪ್ರತಿ ಸಲವೂ ಕಂಪನಿಯವರು ಜಯಕಾರ ಹಾಕಿ ಬಿಯರ್ ಕುಡಿದರು. ಪ್ರತಿ ಸಲವೂ ಆರು ತಿಂಗಳೊಳಗೆ ಎದುರಾಳಿ ತೊಬಿಮಾತ್ಸು ಕಂಪನಿ ಅದಕ್ಕಿಂತ ಚಿಕ್ಕದನ್ನು ಮಾಡಿ ಇವರ ಅಮಲು ಇಳಿಸಿತು. ಲೆಕ್ಕ ಮಾತ್ರ ಮೊದಲಿನದೇ. ಏಳೆಂಟಲ ಐವತ್ತಾರು ಎಂಬುದನ್ನು ಎರಡೂ ಕಂಪನಿಗಳು ಸುಧಾರಿಸಲು ಆಗಿರಲಿಲ್ಲ.

1983ರ ಮೇ ತಿಂಗಳಲ್ಲಿ ಕಿಶಿನಾಮಿಯ ಪ್ರಯೋಗಾಲಯದಿಂದ ಕೊನೆಯ ಮಾತು ಎನ್ನುವಂಥ ಯಂತ್ರ ಹೊರಬಂತು. ಉದ್ದ, ಅಗಲ ಥೇಟ್ ವಿಸಿಟಿಂಗ್ ಕಾರ್ಡಿನದು. ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ, 0.8. ಬೆಳಕು ಬಿದ್ದರೆ ಸಾಕು, ಲೆಕ್ಕ ಮಾಡುತ್ತಿತ್ತು. ಇನ್ನೂ ತೆಳ್ಳಗಾಗಬೇಕೆಂದರೆ ಇದು ಮಾಯವೇ ಆಗಬೇಕು ಎಂದು ಪ್ರಯೋಗಾಲಯದವರು ನಗಾಡುತ್ತಿದ್ದರು. ಇನಾಗಾಕಿ ತೊಕುಜಿ ಆ ಗುರುವಾರ ಬೆಳಿಗ್ಗೆ ಅದನ್ನೂ ಸಾಧಿಸಿದ.

ತೊಕುಜಿಗೆ ಮೂವತ್ತನಾಲ್ಕು ವರ್ಷ. ಯಾರಾದರೂ ತನ್ನ ಕಾಲು ತುಳಿದರೆ ತಾನೇ ಕ್ಷಮೆ ಕೇಳುವ ಜಾತಿಯ ಮನುಷ್ಯ. ಒಂಬತ್ತು ಸಲ ಲಾಟರಿ ಹಾಕಿ ಸೋತು, ಹತ್ತನೆಯ ಸಲ ಸೆನ್ರಿ ಬಡಾವಣೆಯಲ್ಲಿ ಎರಡು ಕೋಣೆಯ ಸರ್ಕಾರಿ ಮನೆ ಗೆದ್ದಿದ್ದ. ಹೆಂಡತಿ ಸಯೊಕೊ ಪರದೆ ಕಟ್ಟಿ ಇನ್ನೂ ಹದಿನೈದು ದಿನ ಆಗಿರಲಿಲ್ಲ, ಅಷ್ಟರಲ್ಲಿ ಕಂಪನಿಯ ವರ್ಗಾವಣೆ ಪಟ್ಟಿ ತಯಾರಾಗುತ್ತಿದೆ ಎಂಬ ಸುದ್ದಿ ಬಂತು. ವಿಭಾಗದ ಮುಖ್ಯಸ್ಥ ಓಗಾಸಾವಾರಾ ಅವನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

"ಪಟ್ಟಿಯಲ್ಲಿ ನಿನ್ನ ಹೆಸರೂ ಇದೆಯಯ್ಯಾ ಇನಾಗಾಕಿ. ಗುರುವಾರ ನಾಲ್ಕು ಗಂಟೆಗೆ ಊರೂರಿಂದ ಸಗಟು ವ್ಯಾಪಾರಿಗಳು ಬರ್ತಿದ್ದಾರೆ. ಆ ಮಾದರಿ ಯಂತ್ರಾನ ಊರಾಚೆಯ ಪ್ರಯೋಗಾಲಯದಿಂದ ಹುಷಾರಾಗಿ ತಂದು ಯಜಮಾನರ ಕೈಗೆ ಮುಟ್ಸಿಬಿಡು. ನಿನ್ನ ಹೆಸರು ಹೊಡೆದುಹಾಕ್ಸೋದು ನನ್ನ ಜವಾಬ್ದಾರಿ."

ಕೆಲಸ ಮಾಡುತ್ತಿದ್ದ ಮಾದರಿ ಇಡೀ ಕಂಪನಿಗೆ ಅದೊಂದೇ. ಬಗ್ಗಿದರೆ ಸತ್ತಿತು. ತೊಕುಜಿ ಬಹಳ ಯೋಚಿಸಿ, ಅದೇ ಅಳತೆಯ, ಬಗ್ಗದ, ಎದೆಗೆ ಅಂಟಿಕೊಂಡೇ ಇರುವ ಜಾಗವೊಂದನ್ನು ಕಂಡುಹಿಡಿದ. ತನ್ನ ವಿಸಿಟಿಂಗ್ ಕಾರ್ಡುಗಳ ತಗಡಿನ ಡಬ್ಬಿ. ಎಲ್ಲ ಕಾರ್ಡುಗಳ ಹಿಂದೆ ಯಂತ್ರವನ್ನಿಟ್ಟು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡ. ಡಬ್ಬಿಯನ್ನು ತಿರುಗಿಸಿ ಹಾಕಿದರೆ ಹಿಂದಿನದು ಮುಂದಾಗುತ್ತದೆ ಎಂಬ ಲೆಕ್ಕಕ್ಕೆ ಯಂತ್ರವೇನೂ ಬೇಕಿರಲಿಲ್ಲ, ಆದರೆ ಅವನಿಗೆ ರೈಲಿನ ಹೊತ್ತಾಗಿತ್ತು.

ಹನ್ನೊಂದೂವರೆಗೆ ಹೊಮ್ಮಾಚಿಯ ಮುಖ್ಯ ಕಚೇರಿಯಲ್ಲಿ ತನ್ನ ಜಾಗಕ್ಕೆ ಬಂದು ಕೂತು ಡಬ್ಬಿ ತೆರೆದ. ಒಳಗೆ ಹನ್ನೆರಡು ಕಾರ್ಡುಗಳಿದ್ದವು. ಹನ್ನೆರಡೂ ಕಾಗದದವು. ಹನ್ನೆರಡರ ಮೇಲೂ ಇನಾಗಾಕಿ ತೊಕುಜಿ ಎಂದೇ ಇತ್ತು. ತನ್ನ ಹೆಸರನ್ನು ನೋಡಿ ಮನುಷ್ಯ ಅಷ್ಟು ದುಃಖಪಡುವುದು ಅಪರೂಪ.

ಓಗಾಸಾವಾರಾ ಅದೇ ಹೊತ್ತಿಗೆ ಮೇಜಿನ ಹತ್ತಿರ ಬಂದರು. "ಎಲ್ಲಿ, ತೋರ್ಸು ನೋಡೋಣ."

ತೊಕುಜಿ ಡಬ್ಬಿಯ ಮುಚ್ಚಳವನ್ನು ಟಪ್ಪನೆ ಮುಚ್ಚಿದ. "ಈಗ ಬೇಡ ಸಾರ್. ಬೆಳಕಿನಿಂದ ನಡೆಯೋ ಯಂತ್ರ. ಈಗ್ಲೇ ಬೆಳಕಿಗೆ ಹಿಡಿದ್ರೆ ಸಂಜೆ ಹೊತ್ತಿಗೆ ಸುಸ್ತಾಗುತ್ತೆ."

ಓಗಾಸಾವಾರಾ ಹಿಂದೆ ಕಂಪನಿಯ ಕ್ಯಾಂಟೀನು ನೋಡಿಕೊಳ್ಳುತ್ತಿದ್ದವರು. ಯಂತ್ರಗಳ ವಿಷಯದಲ್ಲಿ ತಮಗೆ ಏನೂ ತಿಳಿಯದು ಎಂಬುದನ್ನು ಯಾರಿಗೂ ತಿಳಿಯದಂತೆ ಆರು ವರ್ಷದಿಂದ ವಿಭಾಗ ನಡೆಸಿದ್ದರು. "ನಾನೂ ಅದೇ ಹೇಳೋಣ ಅಂತಿದ್ದೆ. ಕತ್ತಲಲ್ಲೇ ಇಡು," ಎಂದು ಹೊರಟುಹೋದರು.

ಪಕ್ಕದ ಮೇಜಿನ ಕಾಜಿಮೊತೊಗೆ ಬೇರೆಯವರ ಕಷ್ಟವೆಂದರೆ ಸಿಹಿ ತಿಂದಷ್ಟು ಖುಷಿ. ಅವನು ಕುರ್ಚಿಯನ್ನು ಎಳೆದುಕೊಂಡು ಹತ್ತಿರ ಬಂದ. "ಕಳೆದುಹಾಕಿದ್ಯಾ?"

"ಕಳೆದಿಲ್ಲ. ಯಾರಿಗೋ ಕೊಟ್ಟಿದೀನಿ ಅನ್ಸುತ್ತೆ. ಕಾರ್ಡು ಅಂತ."

"ನೋಡದೆ ಕೊಟ್ಯಾ?"

"ಬಗ್ಗಿ ಕೊಡುವಾಗ ಯಾರಯ್ಯಾ ನೋಡ್ತಾರೆ?"

ಅದು ನಿಜ. ಎರಡು ಕೈಯಲ್ಲಿ ಹಿಡಿದು, ಸೊಂಟ ಬಗ್ಗಿಸಿ, ನೆಲ ನೋಡುತ್ತ ಕೊಡಬೇಕು. ತಗೊಳ್ಳುವವರೂ ಅಷ್ಟೇ ಬಗ್ಗಿ ನೆಲ ನೋಡುತ್ತಿರುತ್ತಾರೆ. ಇಬ್ಬರು ಮರ್ಯಾದಸ್ಥರ ನಡುವೆ ಆ ಹೊತ್ತಿನಲ್ಲಿ ಇಟ್ಟಿಗೆ ಕೈ ಬದಲಾಯಿಸಿದರೂ ಗೊತ್ತಾಗುವುದು ಆಮೇಲೆಯೇ.

ಎದುರಿನ ಮೇಜಿನಿಂದ ಫುಸಾಯೆ ತಲೆಯೆತ್ತಿದರು. ಮೊದಲ ಯಂತ್ರದ ಕಾಲದಿಂದಲೂ ಕಚೇರಿಯಲ್ಲಿದ್ದ ಹಿರಿಯಾಕೆ. ಕಂಪನಿಯ ಕ್ಯಾಲ್ಕುಲೇಟರು ಕೊಟ್ಟ ಪ್ರತಿ ಉತ್ತರವನ್ನೂ ಮಣಿಚೌಕಟ್ಟಿನಲ್ಲಿ ಮತ್ತೊಮ್ಮೆ ಲೆಕ್ಕಹಾಕಿ ನೋಡಿದ ಮೇಲೇ ಒಪ್ಪುತ್ತಿದ್ದರು. ಅದನ್ನು ಯಜಮಾನರ ಮುಂದೆಯೂ ಮುಚ್ಚಿಡುತ್ತಿರಲಿಲ್ಲ.

"ಎಷ್ಟು ಜನಕ್ಕೆ ಕೊಟ್ಟೆ?" ಎಂದು ಕೇಳಿದರು.

ತೊಕುಜಿ ಜೇಬಿನಿಂದ ತನಗೆ ಬಂದ ಕಾರ್ಡುಗಳನ್ನು ತೆಗೆದ. ಒಂದು, ದಾರಿಯಲ್ಲಿ ಸಿಕ್ಕ, ಪ್ರತಿ ಭೇಟಿಗೂ ಹೊಸದಾಗಿ ಕಾರ್ಡು ಬದಲಾಯಿಸುವ ನಿಪ್ಪೊನ್‌ಬಾಶಿಯ ಸಗಟು ವ್ಯಾಪಾರಿ ದೋಮೊತೊ. ಇನ್ನೊಂದು, ಕೆಳಗೆ ಬಾಗಿಲಲ್ಲೇ ಹಿಡಿದುಕೊಂಡ ವಿಮೆಯ ಹಿರೊಓಕಾ ಅಮ್ಮ. ಮೂರನೆಯದು, ರೈಲಿನಲ್ಲಿ ತಾನು ಕಾಲು ತುಳಿದ ಹಿರಿಯರದು. ಪ್ಲಾಟ್‌ಫಾರ್ಮಿನಲ್ಲಿಳಿದು ಕ್ಷಮೆ ಕೇಳಿ, ಕಂಪನಿಯ ಹೆಸರು ತನ್ನ ಹೆಸರು ಹೇಳಿ, ಜನಸಂದಣಿಯಲ್ಲಿ ಕಾರ್ಡು ಬದಲಾಯಿಸಿಕೊಂಡು ಓದದೆ ಜೇಬಿಗಿಟ್ಟಿದ್ದ. ಈಗ ಓದಿದ.

'ತೊಬಿಮಾತ್ಸು ಕಂಪನಿ. ಕ್ಯಾಲ್ಕುಲೇಟರು ಅಭಿವೃದ್ಧಿ ವಿಭಾಗದ ನಿರ್ದೇಶಕರು. ಕುಜುಮಿ ಹಿದೆಯೊ.'

ಕಾಜಿಮೊತೊ ಅದನ್ನು ಎರಡು ಸಲ ಓದಿದ. "ತುಳಿಯೋದಕ್ಕೆ ನಿಂಗೆ ಬೇರೆ ಕಾಲೇ ಸಿಗ್ಲಿಲ್ವಾ?"

"ಅವರ ಹತ್ರ ಇರಲಾರದು. ಮೊದಲು ಇವರಿಬ್ಬರನ್ನ ನೋಡ್ತೀನಿ," ಎಂದ ತೊಕುಜಿ. "ಹೋಗಿ ವಾಪಸ್ ಕೇಳ್ತೀನಿ."

"ಕೊಟ್ಟ ಕಾರ್ಡನ್ನ ವಾಪಸ್ ಕೇಳ್ತೀಯಾ?" ಫುಸಾಯೆ ಕನ್ನಡಕ ತೆಗೆದರು. "ನಮಸ್ಕಾರ ಮಾಡಿ ಆ ನಮಸ್ಕಾರ ವಾಪಸ್ ಕೊಡಿ ಅಂದ ಹಾಗಿರುತ್ತೆ. ಫೋನ್ ನಂಬರು ತಪ್ಪು ಅಚ್ಚಾಗಿದೆ, ಸರಿಯಾದ ಕಾರ್ಡು ಕೊಡೋಕೆ ಬಂದೆ ಅನ್ನು. ಹಳೇದನ್ನ ಅವರೇ ಕೊಡ್ತಾರೆ."

ಉಪಾಯ ಚೆನ್ನಾಗಿತ್ತು. ದೋಮೊತೊ ಅಷ್ಟು ಶ್ರದ್ಧೆಯ ಮನುಷ್ಯನಾಗಿರದಿದ್ದರೆ ಕೆಲಸವನ್ನೂ ಮಾಡುತ್ತಿತ್ತು.

ದೋಮೊತೊ ಅಂಗಡಿಯ ಹಿಂಬದಿಯಲ್ಲಿ ಕೂತು ನೂಡಲ್ಸ್ ಹೀರುತ್ತಿದ್ದ. ವಿಷಯ ಕೇಳಿ ಬಾಯಿ ಒರೆಸಿಕೊಂಡು ಒಂದು ದಪ್ಪ ಆಲ್ಬಮ್ಮು ತೆರೆದ. ಬಂದ ಕಾರ್ಡುಗಳನ್ನೆಲ್ಲ ಅದರಲ್ಲಿ ವಿಂಗಡಿಸಿ ಇಟ್ಟಿದ್ದ. 'ಕೊಳ್ಳುವವರು', 'ಮಾರುವವರು', 'ಊಟ ಹಾಕಿಸುವವರು' ಎಲ್ಲ ದಾಟಿ ಕಟ್ಟಕಡೆಯ ಪುಟಕ್ಕೆ ಬಂದ. ಅಲ್ಲಿ 'ಇತರೆ' ಎಂದಿತ್ತು. ಒಬ್ಬ ಬೌದ್ಧ ಅರ್ಚಕರ ಪಕ್ಕದಲ್ಲಿ ತೊಕುಜಿ ಇದ್ದ, ಕಾಗದದ ತೊಕುಜಿ.

"ಎಂಟು ವರ್ಷದ ಪರಿಚಯ ನಮ್ಮದು, ದೋಮೊತೊ ಅವರೇ. ನನ್ನನ್ನ ಇಲ್ಲಿ ಇಟ್ಟಿದೀರಿ."

"ಅರ್ಚಕರು ತುಂಬಾ ಒಳ್ಳೆಯವರು. ಹೋದ ವರ್ಷ ತೀರಿಕೊಂಡ್ರು. ಪಕ್ಕ ಖಾಲಿ ಇತ್ತು." ದೋಮೊತೊ ಹಳೆಯ ಕಾರ್ಡನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟುಕೊಂಡು ಭೂತಗನ್ನಡಿ ಹಿಡಿದ. "ಎಲ್ರೀ ತಪ್ಪು? ಎರಡರಲ್ಲೂ ಒಂದೇ ನಂಬರಿದೆ."

ತೊಕುಜಿ ಬಗ್ಗಿ ನೋಡಿದ. "ಹೌದಲ್ಲ."

"ಮತ್ತೆ?"

"ಹೊಸದರಲ್ಲಿ ಅದೇ ನಂಬರು ಸರಿಯಾಗಿದೆ."

ದೋಮೊತೊ ಅವನ ಮುಖವನ್ನು ಬಹಳ ಹೊತ್ತು ನೋಡಿ, ಎರಡೂ ಕಾರ್ಡುಗಳನ್ನು 'ಇತರೆ'ಯಲ್ಲೇ ಸಿಕ್ಕಿಸಿದ. ತಾನು ವಿಂಗಡಿಸಿದ್ದು ಸರಿಯೇ ಎಂಬ ಸಮಾಧಾನ ಅವನ ಮುಖದಲ್ಲಿ ಕಾಣುತ್ತಿತ್ತು.

ವಿಮೆಯ ಹಿರೊಓಕಾ ಅಮ್ಮ ಕಚೇರಿಯ ನೆಲಮಾಳಿಗೆಯ ಊಟದ ಕೋಣೆಯಲ್ಲಿ ಮೇಜಿಂದ ಮೇಜಿಗೆ ಪೆಪ್ಪರಮಿಂಟು ಹಂಚುತ್ತಿದ್ದರು. ಪೆಪ್ಪರಮಿಂಟು ತಿಂದವನು ಒಂದಲ್ಲ ಒಂದು ದಿನ ವಿಮೆ ಮಾಡಿಸಲೇಬೇಕು ಎಂಬುದು ಆ ಕಟ್ಟಡದ ಅಲಿಖಿತ ಕಾನೂನು. ತೊಕುಜಿ ತಾನಾಗಿಯೇ ತಮ್ಮ ಹತ್ತಿರ ಬರುತ್ತಿರುವುದನ್ನು ಕಂಡು ಆಕೆಯ ಕಣ್ಣು ಒದ್ದೆಯಾಯಿತು. ಮೂವತ್ತು ವರ್ಷದ ವೃತ್ತಿಯಲ್ಲಿ ಹಾಗೆ ಯಾರೂ ಬಂದಿರಲಿಲ್ಲ.

"ಬನ್ನಿ ಬನ್ನಿ. ಬೆಳಿಗ್ಗೆ ನಿಮ್ಮ ಮುಖ ನೋಡಿದಾಗ್ಲೇ ಅಂದ್ಕೊಂಡೆ, ಇವರ ಮನೆಯವರಿಗೆ ಏನಾದ್ರೂ ಒಂದು ವ್ಯವಸ್ಥೆ ಆಗಬೇಕು ಅಂತ."

"ನನ್ನ ಕಾರ್ಡು ಒಂದ್ಸಲ ನೋಡಬಹುದಾ ಅಮ್ಮ?"

"ಖಂಡಿತ. ಇಲ್ಲೊಂದು ಸಹಿ ಹಾಕ್ಬಿಡಿ, ಅಷ್ಟರಲ್ಲಿ ಹುಡುಕ್ತೀನಿ."

ಆಕೆ ಹುಡುಕುತ್ತಲೇ ಇದ್ದರು, ಅವನು ಸಹಿ ಹಾಕುತ್ತಲೇ ಇದ್ದ. ಐದನೆಯ ಸಹಿಗೆ ಕಾರ್ಡು ಸಿಕ್ಕಿತು. ಕಾಗದದ್ದೇ. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ 'ಪುಕ್ಕಲ. ಮೂರನೇ ಭೇಟಿಗೆ ಬೀಳುತ್ತಾನೆ' ಎಂದು ಬರೆದಿತ್ತು. ಹಿರೊಓಕಾ ಅಮ್ಮ ಅವನ ಎದುರಿಗೇ ಮೂರನ್ನು ಹೊಡೆದು ಎರಡು ಮಾಡಿದರು.

ಉಳಿದಿದ್ದು ತೊಬಿಮಾತ್ಸು ಕಂಪನಿ.

ಒಂದು ಗಂಟೆಗೆ ತೊಕುಜಿ ಆ ಕಟ್ಟಡದ ಎದುರು ನಿಂತಿದ್ದ. ಸಯೊಕೊ ಕಟ್ಟಿದ ಪರದೆ ನೆನಪಾಯಿತು. ಓಡಿಹೋಗಿಬಿಡಲೇ ಎನಿಸಿತು. ಆದರೆ ಓಡಿಹೋಗುವುದಕ್ಕೂ ಒಂದು ಧೈರ್ಯ ಬೇಕು, ಅದಿಲ್ಲದ್ದರಿಂದ ಒಳಗೆ ಹೋದ.

ಹೆಸರು ಹೇಳಿದ ತಕ್ಷಣ ಸ್ವಾಗತದ ಹೆಂಗಸು ಎದ್ದು ನಿಂತು ಬಗ್ಗಿದಳು. ಅವನನ್ನು ಲಿಫ್ಟಿನಲ್ಲಿ ಏಳನೆಯ ಮಹಡಿಗೆ ಕರೆದೊಯ್ದರು. ಉದ್ದನೆಯ ಮೇಜಿನ ಸುತ್ತ ಹನ್ನೊಂದು ಜನ ಕೂತಿದ್ದರು. ಅಧ್ಯಕ್ಷರ ಜಾಗದಲ್ಲಿ ಕುಜುಮಿ, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು. ಮೇಜಿನ ನಡುವೆ ನೇರಳೆ ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಚಿಕ್ಕ ಗಂಟು.

"ಬೆಳಿಗ್ಗೆ ಹತ್ತು ನಲವತ್ತರಿಂದ ನಿಮ್ಮ ಕಾರ್ಡಿನ ಬಗ್ಗೆಯೇ ಸಭೆ ನಡೀತಿದೆ," ಎಂದರು ಕುಜುಮಿ, ಬಹಳ ಮೃದುವಾಗಿ. "ಸವಾಲು ಅಂತ ಕೊಟ್ಟಿದ್ರೆ ನಾವು ಉತ್ತರ ಕೊಡಬೇಕು. ಉಡುಗೊರೆ ಅಂತ ಕೊಟ್ಟಿದ್ರೆ ಅರ್ಧ ಬೆಲೆಯದ್ದಾದರೂ ವಾಪಸ್ ಕೊಡಬೇಕು. ಅರ್ಧ ಬೆಲೆ ಎಷ್ಟು ಅಂತ ತಿಳೀಬೇಕಾದ್ರೆ ಅದನ್ನ ನೋಡಬೇಕು. ನೋಡಿದ್ರೆ ಮರ್ಯಾದೆ ಅಲ್ಲ. ತಪ್ಪಿ ಕೊಟ್ಟಿದ್ರೆ, ಸಿಕ್ಕೇ ಇಲ್ಲ ಅನ್ನೋ ಹಾಗೆ ಇರಬೇಕು. ಹನ್ನೆರಡು ಗಂಟೆಗೆ, ತಪ್ಪಿ ಕೊಟ್ಟಿದ್ದು ಅಂತ ಎಂಟಕ್ಕೆ ಮೂರು ಮತದಿಂದ ತೀರ್ಮಾನ ಆಯ್ತು."

ತೊಕುಜಿ ಗಂಟಿನ ಕಡೆ ನೋಡಿದ. "ಅಂದ್ರೆ ಯಾರೂ ನೋಡಿಲ್ವೇ?"

"ಕೈಗೆ ತಗೊಂಡಾಗ ಕಾಗದ ಅಲ್ಲ ಅನ್ನಿಸ್ತು. ತಕ್ಷಣ ಕಣ್ಣು ಮುಚ್ಚಿಕೊಂಡೆ. ಬಟ್ಟೆ ಸುತ್ತಿದ್ದೂ ಕಣ್ಣು ಮುಚ್ಚಿಕೊಂಡೇ." ಕುಜುಮಿ ಎರಡು ಕೈಯಲ್ಲಿ ಗಂಟನ್ನೆತ್ತಿ ಬಗ್ಗಿದರು. "ನಿಜ ಹೇಳಬೇಕು ಅಂದ್ರೆ, ನೋಡುವ ಅಗತ್ಯವೂ ನಮಗೆ ಇರಲಿಲ್ಲ."

ಎಂಥ ವಿನಯ, ಎಂದುಕೊಂಡ ತೊಕುಜಿ. ಗಂಟು ತಗೊಂಡು ಅಲ್ಲಿಂದ ಹೊರಟುಬಿಟ್ಟಿದ್ದರೆ ಅವನಷ್ಟು ಸುಖಿ ಒಸಾಕಾದಲ್ಲಿ ಇರುತ್ತಿರಲಿಲ್ಲ. ಆದರೆ ಹೆದರಿದ ಮನುಷ್ಯನಿಗೆ ಗೆದ್ದ ಮೇಲೂ ಹೆದರಿಕೆ ಹೋಗುವುದಿಲ್ಲ. ನಾಳೆ ಇವರು ಇಂಥದ್ದೇ ಒಂದು ಯಂತ್ರ ಮಾಡಿದರೆ? ರೈಲಿನ ವಿಷಯ ಹೇಗೋ ಹೊರಬಿದ್ದರೆ? ಕುತ್ತಿಗೆಗೆ ಬರುವುದು ಯಾರಿಗೆ?

"ಯಾರೂ ನೋಡಿಲ್ಲ ಅಂತ ಒಂದು ಪತ್ರ ಬರೆದುಕೊಡಬಹುದಾ?" ಎಂದು ಕೇಳಿದ.

ಹನ್ನೊಂದು ಮುಖಗಳೂ ಅರಳಿದವು. ತಾವು ಮರ್ಯಾದಸ್ಥರು ಎಂಬುದಕ್ಕೆ ದಾಖಲೆ ಇರುವುದನ್ನು ಯಾರು ಬೇಡವೆನ್ನುತ್ತಾರೆ? ಪತ್ರ ಕೈಬರಹದಲ್ಲಿ ತಯಾರಾಯಿತು, ತಿದ್ದಿಸಿಕೊಂಡಿತು, ಮತ್ತೆ ತಯಾರಾಯಿತು. ಆಮೇಲೆ ಮೊಹರು. ಕಿರಿಯರಿಂದ ಹಿರಿಯರಿಗೆ ಒಬ್ಬೊಬ್ಬರಾಗಿ ಒತ್ತಬೇಕು, ದಾಟಿಸುವಂತಿಲ್ಲ. ಹತ್ತನೆಯ ಮೊಹರಿನವರು ಹಲ್ಲು ಕೀಳಿಸಿಕೊಳ್ಳಲು ಹೊರಟುಹೋಗಿದ್ದರು. ಅವರು ಬರುವವರೆಗೆ ಹನ್ನೊಂದನೆಯವರು ಮೊಹರನ್ನು ಕೈಯಲ್ಲಿ ಹಿಡಿದುಕೊಂಡು ಕಾದರು. ತೊಕುಜಿ ಗೋಡೆಯ ಗಡಿಯಾರ ನೋಡುತ್ತ ಆರು ಲೋಟ ಚಹಾ ಕುಡಿದ. ಮೂರು ಇಪ್ಪತ್ತೈದಕ್ಕೆ ಕೆನ್ನೆ ಊದಿದ ಒಬ್ಬರು ಓಡಿಬಂದು, ಮಾತಾಡಲಾಗದೆ ತಲೆಯಾಡಿಸಿ, ಮೊಹರು ಒತ್ತಿದರು. ಹನ್ನೊಂದನೆಯವರು ಪತ್ರದಲ್ಲಿ ಬಿಟ್ಟಿದ್ದ ಜಾಗದಲ್ಲಿ ಆ ಹೊತ್ತನ್ನು ತುಂಬಿ ತಮ್ಮದನ್ನೂ ಒತ್ತಿದರು.

ನಾಲ್ಕಕ್ಕೆ ಮೂರು ನಿಮಿಷ ಇರುವಾಗ ತೊಕುಜಿ ಯಜಮಾನರ ಕೋಣೆಯ ಬಾಗಿಲು ತಟ್ಟಿದ.

ಯಜಮಾನ ಕಿಶಿನಾಮಿ ಕಿಟಕಿಯ ಹತ್ತಿರ ಕೂತಿದ್ದರು. ಓಗಾಸಾವಾರಾ ಪಕ್ಕದಲ್ಲಿ ನಿಂತಿದ್ದರು. ತೊಕುಜಿ ಯಂತ್ರವನ್ನು ಎರಡು ಕೈಯಲ್ಲಿ ಹಿಡಿದು, ಈ ಸಲ ಕಣ್ಣು ಬಿಟ್ಟುಕೊಂಡು, ಬಗ್ಗಿ ಕೊಟ್ಟ. ಯಜಮಾನರು ಅದನ್ನು ನೋಡಲೂ ಇಲ್ಲ. ಅವರ ಕೈಯಲ್ಲಿ ಸಂಜೆಯ ಪತ್ರಿಕೆ ಇತ್ತು.

"ತೊಬಿಮಾತ್ಸು ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಹೊಸ ಯಂತ್ರ ಹೊರಗೆ ತಂದಿದೆ," ಎಂದರು. "ವಿಸಿಟಿಂಗ್ ಕಾರ್ಡಿನ ಅಳತೆ. ದಪ್ಪ 0.7."

ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಒಂದು ಕೂದಲಿನಷ್ಟು. ಆ ಕೂದಲಿನಲ್ಲಿ ಕಿಶಿನಾಮಿ ಕಂಪನಿಯ ಎರಡು ವರ್ಷ ಹೋಗಿತ್ತು. ಬೆಳಿಗ್ಗೆಯಿಂದ ತಾನು ಊರೆಲ್ಲ ಅಲೆದು ತಂದದ್ದು ಬೆಳಿಗ್ಗೆ ಒಂಬತ್ತಕ್ಕೇ ಹಳೆಯದಾಗಿತ್ತು ಎಂದು ತೊಕುಜಿಗೆ ಆಗ ಹೊಳೆಯಿತು. ಆದರೂ ಒಳಗೊಳಗೆ ಅವನಿಗೆ ಹಾಯೆನಿಸಿತು. ಯಂತ್ರವನ್ನು ಮುಟ್ಟಿಸಿದ್ದಾಗಿತ್ತು. ಪಟ್ಟಿಯಿಂದ ಹೆಸರು ಹೋಗುತ್ತದೆ, ಮನೆ ಉಳಿಯುತ್ತದೆ.

"ಕೆಳಗೆ ನಲವತ್ತು ಜನ ವ್ಯಾಪಾರಿಗಳು ಕಾಯ್ತಿದ್ದಾರೆ," ಎಂದರು ಯಜಮಾನರು. "ಅವರಿಗೆ ಏನು ಹೇಳಲಿ? ಸೋತೆವು ಅನ್ನಲಾ? ನಮ್ಮದನ್ನ ಅವರು ಕದ್ದು ನೋಡಿ ಮಾಡಿದ್ರು ಅಂತ ಹೇಳೋ ಹಾಗಾದ್ರೂ ಇದ್ದಿದ್ರೆ ಮುಖ ಉಳೀತಿತ್ತು. ಇದು ಅವರ ಕಟ್ಟಡದ ಒಳಗೆ ಒಂದೇ ಒಂದು ಗಂಟೆ ಇದ್ದಿದ್ರೆ ಸಾಕಿತ್ತು."

"ಅದಂತೂ ಸಾಧ್ಯವೇ ಇಲ್ಲ ಯಜಮಾನರೇ," ಎಂದರು ಓಗಾಸಾವಾರಾ ಹೆಮ್ಮೆಯಿಂದ. "ಇನಾಗಾಕಿ ಬೆಳಿಗ್ಗೆಯಿಂದ ಇದನ್ನ ಎದೆ ಬಿಟ್ಟು ತೆಗೆದಿಲ್ಲ. ನನಗೂ ತೋರಿಸ್ಲಿಲ್ಲ."

"ಅದೇ ನಮ್ಮ ದುರದೃಷ್ಟ. ಬೇರೆ ಕಂಪನಿಗಳಲ್ಲಿ ಬೇಜವಾಬ್ದಾರಿ ಜನ ಇರ್ತಾರೆ, ನಮ್ಮಲ್ಲಿ ಒಬ್ಬನೂ ಇಲ್ಲ." ಯಜಮಾನರು ನಿಟ್ಟುಸಿರು ಬಿಟ್ಟರು. "ಇವತ್ತು ಇದನ್ನ ಅವರ ಕೈಗೆ ಹಾಕಿ ಬಂದ ಪುಣ್ಯಾತ್ಮ ಯಾರಾದ್ರೂ ಇದ್ದಿದ್ರೆ, ಅವನು ಕೇಳಿದ್ದು ಕೊಡ್ತಿದ್ದೆ."

ತೊಕುಜಿ ಹುಟ್ಟಿದಾಗಿನಿಂದ ಯಾರೂ ಅವನನ್ನು ಪುಣ್ಯಾತ್ಮ ಅಂದಿರಲಿಲ್ಲ. ಸುಮ್ಮನೆ ನಿಂತರೆ ಮನೆ ಉಳಿಯುತ್ತಿತ್ತು. ಬಾಯಿ ಬಿಟ್ಟರೆ ಮನೆಯ ಜೊತೆಗೆ ಮರ್ಯಾದೆಯೂ, ಯಾರಿಗೆ ಗೊತ್ತು, ಒಂದು ಬಡ್ತಿಯೂ ಸಿಗಬಹುದಿತ್ತು. ಅವನು ಒಂದು ಹೆಜ್ಜೆ ಮುಂದೆ ಬಂದ.

"ನಾನೇ ಅದು, ಯಜಮಾನರೇ."

ಓಗಾಸಾವಾರಾ ಬಾಯಿ ತೆರೆದು ಹಾಗೆಯೇ ಬಿಟ್ಟುಕೊಂಡು ನಿಂತರು. ತೊಕುಜಿ ರೈಲು, ಕಾಲು, ಕಾರ್ಡು, ರೇಷ್ಮೆ ಗಂಟು ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ತಾನು ಬಹಳ ದೊಡ್ಡ ಕೆಲಸ ಮಾಡಿದಂತೆ ಅನಿಸತೊಡಗಿತು. ಯಜಮಾನರ ಬೆನ್ನು ನಿಧಾನವಾಗಿ ನೆಟ್ಟಗಾಯಿತು, ಕಣ್ಣಿನಲ್ಲಿ ಮೊದಲ ಯಂತ್ರ ಮಾಡಿದ ಕಾಲದ ಮಿಂಚು ಬಂತು. ಒಂಬತ್ತಕ್ಕೆ ಪ್ರಕಟವಾದ ಯಂತ್ರವನ್ನು ಹತ್ತೂ ನಲವತ್ತಕ್ಕೆ ನೋಡಿ ಮಾಡುವುದು ಹೇಗೆ ಎಂಬ ಪ್ರಶ್ನೆ ಮೂವರಲ್ಲಿ ಯಾರಿಗೂ ಏಳಲಿಲ್ಲ. ಕ್ಯಾಲ್ಕುಲೇಟರು ಮಾಡುವವರಿಗೆ ಲೆಕ್ಕವನ್ನು ಯಂತ್ರಕ್ಕೆ ಬಿಟ್ಟು ಅಭ್ಯಾಸವಾಗಿರುತ್ತದೆ.

"ಬರೀ ಬಾಯಿಮಾತು ಸಾಲದು," ಎಂದರು ಯಜಮಾನರು. "ಇದು ಅವರ ಕಟ್ಟಡದಲ್ಲಿತ್ತು ಅನ್ನೋದಕ್ಕೆ ಸಾಕ್ಷಿ ಇದೆಯೇನಯ್ಯಾ?"

"ಇದೆ, ಯಜಮಾನರೇ. ಅವರೇ ಬರೆದುಕೊಟ್ಟಿದ್ದಾರೆ. ಹನ್ನೊಂದು ಮೊಹರಿದೆ."

ತೊಕುಜಿ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ನೆಲ ನೋಡುತ್ತ ಕೊಟ್ಟ. ಯಜಮಾನರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು.

"'ಕಿಶಿನಾಮಿ ಕಂಪನಿಯ ಗುಟ್ಟಿನ ವಸ್ತುವೊಂದು ಇಂದು ಬೆಳಿಗ್ಗೆ ಹತ್ತೂ ನಲವತ್ತರಿಂದ ಮಧ್ಯಾಹ್ನ ಮೂರೂ ಇಪ್ಪತ್ತೈದರವರೆಗೆ ನಮ್ಮ ಕಚೇರಿಯಲ್ಲಿತ್ತು.' ಶಭಾಷ್ ಇನಾಗಾಕಿ, ಶಭಾಷ್."

ಆಮೇಲೆ ಎರಡನೆಯ ಸಾಲಿಗೆ ಬಂದರು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಆ ನಾಲ್ಕು ಮುಕ್ಕಾಲು ಗಂಟೆಯಲ್ಲಿ ಆ ವಸ್ತುವನ್ನು ಯಾರೂ ನೋಡಿಲ್ಲ, ಬಿಚ್ಚಿಲ್ಲ, ಅಳೆದಿಲ್ಲ ಎಂದು ತೊಬಿಮಾತ್ಸು ಕಂಪನಿಯ ಹನ್ನೊಂದು ಜನ ಮೊಹರು ಒತ್ತಿ ಪ್ರಮಾಣ ಮಾಡಿದ್ದರು. ಕಾನೂನು ವಿಭಾಗದವರ ಮೊಹರು ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಕೊನೆಯಲ್ಲಿ, ಈ ಪತ್ರವನ್ನು ಇನಾಗಾಕಿ ತೊಕುಜಿಯವರ ವಿಶೇಷ ಕೋರಿಕೆಯ ಮೇರೆಗೆ ಕೊಡಲಾಗಿದೆ ಎಂದೂ ಇತ್ತು.

ಯಜಮಾನರು ಪತ್ರವನ್ನು ಮಡಿಸಿದರು, ಇನ್ನೊಮ್ಮೆ ಮಡಿಸಿದರು, ತಿರುಗಿ ಓಗಾಸಾವಾರಾ ಅವರನ್ನು ಕೇಳಿದರು.

"ವಕ್ಕಾನಾಯ್ ಅಂತ ಉತ್ತರದ ತುದೀಲಿ ಒಂದು ಊರಿದೆಯಲ್ಲ, ಸಮುದ್ರ ಹೆಪ್ಪುಗಟ್ಟೋ ಕಡೆ. ಅಲ್ಲಿ ನಮ್ಮ ಶಾಖೆಯಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಯಜಮಾನರೇ. ಒಂದು ಟೆಲಿಫೋನಿದೆ ಅಷ್ಟೇ."

"ಅದು ರಿಂಗಾದ್ರೆ ಯಾರು ಎತ್ತುತ್ತಾರೆ?"

ಓಗಾಸಾವಾರಾ ತೊಕುಜಿಯ ಕಡೆ ನೋಡದೆ ಉತ್ತರ ಕೊಟ್ಟರು.

"ಸೋಮವಾರದಿಂದ ಇನಾಗಾಕಿ ಎತ್ತುತ್ತಾನೆ."